ಮೂರು ತಿಂಗಳಲ್ಲಿ ಮೂರು ಪಟ್ಟು! ಅಲ್ಬೇನಿಯಾ, 1997

(1/6)
ಗೆಳೆಯರೇ, ಅಲ್ಬೇನಿಯಾ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಮದರ್ ತೆರೇಸಾ. ಅವರದು ಅಲ್ಬೇನಿಯನ್ ಮನೆತನ. ತಾಯಿ ಮತ್ತು ಅಕ್ಕ ಟಿರಾನಾ ನಗರದಲ್ಲಿದ್ರು, ಆದ್ರೆ ಅವರನ್ನ ನೋಡೋಕೆ ಮಗಳಿಗೆ ಅನುಮತಿ ಸಿಗಲೇ ಇಲ್ಲ. ಕೊನೆಗೆ 1989ರಲ್ಲಿ ಅಲ್ಲಿಗೆ ಹೋದಾಗ ಉಳಿದಿದ್ದು ಸಮಾಧಿಗಳು ಮಾತ್ರ. ಅಷ್ಟು ಬಿಗಿಯಾಗಿ ಬಾಗಿಲು ಹಾಕಿಕೊಂಡಿದ್ದ ದೇಶ ಅದು. ಬಾಗಿಲು ತೆರೆದ ಮೇಲೆ ಏನಾಯ್ತು? ಅದೇ ಇವತ್ತಿನ ವಿಷಯ.

(2/6)
1944ರಿಂದ 1985ರಲ್ಲಿ ಸಾಯೋವರೆಗೂ ದೇಶ ಆಳಿದ್ದು ಎನ್ವರ್ ಹೋಜಾ. ಮೊದಲು ಯುಗೊಸ್ಲಾವಿಯಾ, ಆಮೇಲೆ ಸೋವಿಯತ್ ಒಕ್ಕೂಟ, 1978ರ ಹೊತ್ತಿಗೆ ಚೀನಾ: ಎಲ್ಲರ ಜೊತೆಗೂ ಸ್ನೇಹ ಮುರಿದುಬಿತ್ತು. 1967ರಲ್ಲಿ ಮಸೀದಿ, ಚರ್ಚು ಎಲ್ಲಾ ಮುಚ್ಚಿಸಿದರು. 1976ರ ಸಂವಿಧಾನದಲ್ಲಿ ವಿದೇಶಿ ಸಾಲಕ್ಕೇ ನಿಷೇಧ. ಸಾಮಾನ್ಯ ಜನ ಸ್ವಂತ ಕಾರು ಇಟ್ಕೊಳ್ಳೋ ಹಾಗಿರಲಿಲ್ಲ. ಯಾರೋ ದಾಳಿ ಮಾಡ್ತಾರೆ ಅನ್ನೋ ಭಯಕ್ಕೆ ಹೊಲ, ಬೆಟ್ಟ, ಕಡಲತೀರ ಅನ್ನದೆ ಲಕ್ಷಕ್ಕೂ ಹೆಚ್ಚು ಕಾಂಕ್ರೀಟ್ ಬಂಕರ್ ಕಟ್ಟಿದರು.

(3/6)
1991ರ ಫೆಬ್ರವರಿಯಲ್ಲಿ ಟಿರಾನಾದ ಚೌಕದಲ್ಲಿದ್ದ ಹೋಜಾ ಪ್ರತಿಮೆಯನ್ನ ಜನ ಉರುಳಿಸಿದರು. ಅದೇ ಆಗಸ್ಟ್‌ನಲ್ಲಿ 'ವ್ಲೋರಾ' ಅನ್ನೋ ಒಂದೇ ಹಡಗಿನಲ್ಲಿ ಸುಮಾರು 20,000 ಜನ ತುಂಬಿಕೊಂಡು ಇಟಲಿಯ ಬಾರಿ ಬಂದರಿಗೆ ಬಂದಿಳಿದರು. 1992ರ ಚುನಾವಣೆಯಲ್ಲಿ ಕಮ್ಯುನಿಸ್ಟರ ವಾರಸುದಾರ ಪಕ್ಷ ಸೋತು, ಸಾಲಿ ಬೆರಿಶಾ ಅಧ್ಯಕ್ಷರಾದರು. ಬೆಲೆಗಳ ಮೇಲಿನ ಹಿಡಿತ ಸಡಿಲಿಸಿದರು, ಸಾಮೂಹಿಕ ಜಮೀನು ರೈತರಿಗೆ ಹಂಚಿಹೋಯ್ತು. ಆದ್ರೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಗ್ರೀಸ್, ಇಟಲಿಗೆ ದುಡಿಯೋಕೆ ಹೋದ ಮಕ್ಕಳು ಕಳಿಸೋ ಹಣವೇ ಎಷ್ಟೋ ಮನೆಗಳಿಗೆ ಆಸರೆ.

(4/6)
ಈ ಹಣ ಎಲ್ಲಿಡೋದು? ಸರ್ಕಾರಿ ಬ್ಯಾಂಕುಗಳು ದುರ್ಬಲ, ಸಾಲ ಕೊಡೋ ವ್ಯವಸ್ಥೆಯೂ ಅಷ್ಟಕ್ಕಷ್ಟೆ. ಆ ಜಾಗಕ್ಕೆ ಬಂದದ್ದು ವೆಫಾ, ಗ್ಯಾಲಿತ್ಸಾ, ಸೂದೆ, ಜಫೆರ್ರಿ, ಪೊಪುಲ್ಲಿ ಅನ್ನೋ ಖಾಸಗಿ ಕಂಪನಿಗಳು. ಮೊದಮೊದಲು ತಿಂಗಳಿಗೆ ಶೇ. 4-5 ಬಡ್ಡಿ. 1996ರಲ್ಲಿ ಪೈಪೋಟಿ ಹುಚ್ಚಾಯ್ತು. ನವೆಂಬರ್‌ನಲ್ಲಿ ಜಫೆರ್ರಿ ಕೊಟ್ಟ ಮಾತು: ಮೂರು ತಿಂಗಳಲ್ಲಿ ಹಣ ಮೂರು ಪಟ್ಟು.

ಒಂದು ನಿಮಿಷ ಲೆಕ್ಕ ಹಾಕಿ. 3×3×3×3 = 81. ಇವತ್ತು ಇಟ್ಟ 1,000 ಲೆಕ್ ಒಂದೇ ವರ್ಷದಲ್ಲಿ 81,000 ಆಗಬೇಕು! ಯಾವ ವ್ಯಾಪಾರದಲ್ಲೂ ಅಷ್ಟು ಲಾಭ ಬರಲ್ಲ. ಹಳಬರಿಗೆ ಕೊಡ್ತಿದ್ದದ್ದು ಹೊಸಬರು ತಂದ ಹಣವನ್ನೇ.

ಆದ್ರೂ ಜನಸಂಖ್ಯೆಯ ಸುಮಾರು ಮೂರರಲ್ಲಿ ಎರಡು ಭಾಗ ಇದಕ್ಕೆ ಹಣ ಹಾಕಿತ್ತು. ರೈತರು ದನ ಮಾರಿದರು, ಕೆಲವರು ಮನೆಯನ್ನೇ ಮಾರಿದರು. ಐಎಂಎಫ್, ವಿಶ್ವಬ್ಯಾಂಕ್ ಎಚ್ಚರಿಸಿದರೂ ಸರ್ಕಾರ ಕಂಪನಿಗಳ ಪರವಾಗೇ ನಿಂತಿತು.

(5/6)
ಅದೇ ನವೆಂಬರ್‌ನಲ್ಲಿ ಸೂದೆ ಹಣ ಕೊಡೋದು ನಿಲ್ಲಿಸ್ತು. ಜನವರಿಯಲ್ಲಿ ಉಳಿದವೂ ಕುಸಿಯತೊಡಗಿದವು. ಕಂಪನಿಗಳ ಬಾಕಿ ಸುಮಾರು 120 ಕೋಟಿ ಡಾಲರ್ ಮುಟ್ಟಿತ್ತು, ಅಂದ್ರೆ ದೇಶದ ಜಿಡಿಪಿಯ ಹೆಚ್ಚುಕಮ್ಮಿ ಅರ್ಧ. ವ್ಲೋರಾ ಪಟ್ಟಣದಲ್ಲಿ ಶುರುವಾದ ಪ್ರತಿಭಟನೆ ದಕ್ಷಿಣವನ್ನೆಲ್ಲಾ ಆವರಿಸಿತು. ಮಾರ್ಚ್‌ನಲ್ಲಿ ತುರ್ತು ಪರಿಸ್ಥಿತಿ. ಸೈನ್ಯದ ಆಯುಧಾಗಾರಗಳು ಲೂಟಿಯಾಗಿ ಲಕ್ಷಾಂತರ ಬಂದೂಕು ಜನರ ಕೈ ಸೇರಿದವು. ಸುಮಾರು 2,000 ಜನ ಸತ್ತರು. ಏಪ್ರಿಲ್‌ನಲ್ಲಿ ಇಟಲಿಯ ನೇತೃತ್ವದಲ್ಲಿ ಬಹುರಾಷ್ಟ್ರೀಯ ಪಡೆ ಬಂದಿಳಿಯಿತು. ಆ ಬೇಸಿಗೆಯ ಚುನಾವಣೆಯಲ್ಲಿ ಸೋತು ಬೆರಿಶಾ ಕೆಳಗಿಳಿದರು.

(6/6)
"ಎಂಥಾ ದಡ್ಡರು!" ಅನ್ನೋದು ಸುಲಭ. ಆದ್ರೆ ಯೋಚಿಸಿ: ನಾಲ್ಕು ದಶಕ ಷೇರು, ಖಾಸಗಿ ಕಂಪನಿ, ದಿವಾಳಿ ಯಾವುದನ್ನೂ ಕಾಣದ ಜನ ಅವರು. ಬಂಡವಾಳಶಾಹಿ ಅಂದ್ರೆ ಹೀಗೇ ಹಣ ಬೆಳೆಯುತ್ತೆ ಅಂತ ನಂಬಿದರೆ ತಪ್ಪು ಅವರದ್ದು ಮಾತ್ರಾನಾ? ಮಾರುಕಟ್ಟೆ ತೆರೆಯೋದು ಒಂದು ದಿನದ ಆದೇಶ. ಅದನ್ನ ಕಾಯೋ ಬ್ಯಾಂಕು, ಕಾನೂನು, ತಪಾಸಣೆ ಕಟ್ಟೋಕೆ ವರ್ಷಗಳೇ ಬೇಕು. ಅಲ್ಬೇನಿಯಾ ಎದ್ದು ನಿಂತಿತು: 2009ರಲ್ಲಿ ನ್ಯಾಟೋ ಸೇರಿತು, 2014ರಲ್ಲಿ ಐರೋಪ್ಯ ಒಕ್ಕೂಟದ ಅಭ್ಯರ್ಥಿ ದೇಶವಾಯ್ತು. ಕಳೆದುಕೊಂಡವರ ಉಳಿತಾಯದ ಬಹುಪಾಲು ಮಾತ್ರ ವಾಪಸ್ ಬರಲೇ ಇಲ್ಲ.

"ಹಣ ಡಬಲ್" ಅಂತ ಮೆಸೇಜ್ ಬಂದ್ರೆ 81ರ ಲೆಕ್ಕ ನೆನಪಿರಲಿ. ಗೆಳೆಯರಿಗೂ ಕಳಿಸಿ.

#ಇತಿಹಾಸ #ಅಲ್ಬೇನಿಯಾ #ಕನ್ನಡದಲ್ಲಿಓದಿ