ಸಭ್ಯತೆಯ ಅಳತೆಗೋಲು: ‘ಫ್ರೀಕ್ಸ್’ ಚಿತ್ರ ಮತ್ತು ಅಂಗವಿಕಲರ ದಾಂಪತ್ಯ

ಕಳೆದ ಮಳೆಗಾಲದಲ್ಲಿ ಮಣ್ಣಗುಡ್ಡದ ಮನೆಯೊಂದರಲ್ಲಿ ಗುರುಮಠದ ಕೆಲವು ವಿದ್ಯಾರ್ಥಿಗಳೊಡನೆ ನಾವು ‘ಫ್ರೀಕ್ಸ್’ ಎಂಬ ಹಳೆಯ ಅಮೆರಿಕನ್ ಚಿತ್ರವನ್ನು ವೀಕ್ಷಿಸಿದೆವು. ಭೀತಿಚಿತ್ರಗಳ ಚರಿತ್ರೆಯನ್ನು ಪರಿಚಯಿಸುವುದಷ್ಟೇ ನಮ್ಮ ಉದ್ದೇಶವಾಗಿತ್ತು. ಚಿತ್ರ ಮುಗಿದಾಗ ಎದ್ದ ಮೊದಲ ಪ್ರಶ್ನೆ ಕೊಲೆಯನ್ನಾಗಲಿ ಸೇಡನ್ನಾಗಲಿ ಕುರಿತದ್ದಲ್ಲ: “ಫಾದರ್, ಅಂಥವರ ಮದುವೆಯನ್ನೆಲ್ಲ ತೋರಿಸುವ ಅಗತ್ಯವಿತ್ತೇ?”

1932ರಲ್ಲಿ ಎಂ.ಜಿ.ಎಂ. ಸಂಸ್ಥೆ ಹೊರತಂದ ಈ ಚಿತ್ರದ ನಿರ್ದೇಶಕ ಟಾಡ್ ಬ್ರೌನಿಂಗ್. ಹರೆಯದಲ್ಲೇ ಮನೆ ಬಿಟ್ಟು ಅಲೆಮಾರಿ ಪ್ರದರ್ಶನ ತಂಡಗಳನ್ನು ಸೇರಿದ್ದ ಈತ ಡೇರೆಯ ಬದುಕನ್ನು ಒಳಗಿನಿಂದ ಬಲ್ಲವನು. ಕಥೆ ಸರಳ. ಕುಬ್ಜನಾದ ಹಾನ್ಸ್ ತನ್ನಂತೆಯೇ ಕುಬ್ಜಳಾದ ಫ್ರೀಡಾಳಿಗೆ ಮಾತು ಕೊಟ್ಟಿದ್ದರೂ ತೂಗುಯ್ಯಾಲೆಯ ಸುಂದರಿ ಕ್ಲಿಯೋಪಾತ್ರಳಿಗೆ ಮನಸೋಲುತ್ತಾನೆ. ಅವನ ಪಿತ್ರಾರ್ಜಿತ ಹಣಕ್ಕಾಗಿ ಅವನನ್ನು ವರಿಸುವ ಆಕೆ, ಜಟ್ಟಿ ಹರ್ಕ್ಯುಲಿಸನೊಡನೆ ಸೇರಿ ಗಂಡನಿಗೆ ವಿಷವಿಡುತ್ತಾಳೆ. ವಿವಾಹದ ಔತಣದಲ್ಲಿ ಒಬ್ಬ ಕುಬ್ಜ ಮೇಜಿನ ಮೇಲೆ ನಡೆಯುತ್ತ ಪಾನಪಾತ್ರೆಯನ್ನು ಎಲ್ಲರಿಗೂ ಹಂಚುತ್ತಾನೆ. ವಧುವನ್ನು ತಮ್ಮವಳನ್ನಾಗಿ ಅಂಗೀಕರಿಸುವ ವಿಧಿಯದು. ಆಕೆ ಅದೇ ಮದ್ಯವನ್ನು ಅವನ ಮುಖಕ್ಕೆ ಎರಚುತ್ತಾಳೆ. ಪಾತ್ರೆಯೊಂದನ್ನು ಹಂಚಿಕೊಳ್ಳುವುದರ ಅರ್ಥವನ್ನು ನಿತ್ಯ ಬಲಿಪೀಠದಲ್ಲಿ ಧ್ಯಾನಿಸುವ ನಮಗೆ ಈ ದೃಶ್ಯ ಅಂತ್ಯದ ಭೀಕರತೆಗಿಂತ ಹೆಚ್ಚು ನೋವುಂಟುಮಾಡಿತು.

ಚಿತ್ರದಲ್ಲಿ ನಿಜವಾದ ವ್ಯಭಿಚಾರ ನಡೆಯುವುದು ಸರ್ವಾಂಗಸುಂದರರ ನಡುವೆ. ಉಳಿದವರದು ಸಂಸಾರ: ಗಡ್ಡದ ಹೆಂಗಸು ಮಗುವನ್ನು ಹೆರುತ್ತಾಳೆ, ತಂದೆಯಾದವನು ಸಂಭ್ರಮಿಸುತ್ತಾನೆ. ದೇಹಗಳು ಕೂಡಿಕೊಂಡೇ ಹುಟ್ಟಿದ ಡೇಸಿ ಮತ್ತು ವಯೊಲೆಟ್ ಹಿಲ್ಟನ್ ಸೋದರಿಯರಲ್ಲಿ ಒಬ್ಬಳಿಗೆ ಮದುವೆಯಾಗುತ್ತದೆ, ಇನ್ನೊಬ್ಬಳಿಗೆ ನಿಶ್ಚಯವಾಗುತ್ತದೆ; ಒಬ್ಬಳಿಗೆ ದೊರೆತ ಮುತ್ತು ಇನ್ನೊಬ್ಬಳಿಗೂ ತಿಳಿಯುತ್ತದೆ. ಜಾಹೀರಾತುಗಳು ಇದನ್ನೇ ಕುತೂಹಲದ ಸರಕಾಗಿ ಮಾರಿದವು. ಸುಮಾರು 90 ನಿಮಿಷಗಳ ಚಿತ್ರವನ್ನು 64 ನಿಮಿಷಗಳಿಗೆ ಇಳಿಸಲಾಯಿತು. ಜಟ್ಟಿಯ ಪುರುಷತ್ವಹರಣವೂ ಕತ್ತರಿಗೆ ಸಿಕ್ಕಿತು. ಬ್ರಿಟನ್ನಿನಲ್ಲಿ ಸುಮಾರು 30 ವರ್ಷ ನಿಷೇಧವಿತ್ತು. ಬ್ರೌನಿಂಗನೂ ನಿರ್ದೋಷಿಯಲ್ಲ: ಯಾರ ಮಾನವತೆಯನ್ನು ಅಷ್ಟು ಹೊತ್ತು ತೋರಿಸಿದನೋ ಅವರನ್ನೇ ಕೊನೆಯಲ್ಲಿ ಕತ್ತಿ ಹಿಡಿದು ಕೆಸರಿನಲ್ಲಿ ತೆವಳುವ ಭಯದ ವಸ್ತುವಾಗಿಸಿದ.

ಆ ಕಾಲದ ಚಿತ್ರನೀತಿ ಸಂಹಿತೆಯನ್ನು 1930ರಲ್ಲಿ ರಚಿಸಿದವರಲ್ಲಿ ಯೇಸುಸಭೆಯ ಡೇನಿಯಲ್ ಲಾರ್ಡ್ ಒಬ್ಬರು. ‘ಲೀಜನ್ ಆಫ್ ಡೀಸೆನ್ಸಿ’ ಎಂಬ ಕಥೋಲಿಕ ಚಳವಳಿಯನ್ನು ಜಗದ್ಗುರು ಹನ್ನೊಂದನೇ ಪಿಯುಸರು 1936ರ ‘ವಿಜಿಲಾಂತಿ ಕೂರಾ’ ವಿಶ್ವಪತ್ರದಲ್ಲಿ ಶ್ಲಾಘಿಸಿದರು. ಸಭ್ಯತೆಯ ಈ ಕಾಳಜಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ ಜಗದ್ಗುರು 1930ರ ಡಿಸೆಂಬರ್ 31ರಂದು ‘ಕಾಸ್ತಿ ಕೊನ್ನೂಬಿ’ ವಿಶ್ವಪತ್ರದಲ್ಲಿ, ವಂಶಶುದ್ಧಿಯ ಹೆಸರಿನಲ್ಲಿ ವಿವಾಹಯೋಗ್ಯರಿಗೆ ವಿವಾಹವನ್ನು ನಿಷೇಧಿಸುವುದನ್ನೂ ಬಲಾತ್ಕಾರದ ಸಂತಾನಹರಣವನ್ನೂ ಖಂಡಿಸಿದ್ದರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅಂಥ ಸಂತಾನಹರಣವನ್ನು 1927ರಲ್ಲೇ ಎತ್ತಿಹಿಡಿದಿತ್ತು. (ನ್ಯೂನತೆಯುಳ್ಳ ಸಂತಾನದ ಸಂಭವವಿರುವವರನ್ನು ವಿವಾಹದಿಂದ ಹಿಂದೆಗೆಯುವಂತೆ ಅನೇಕ ವೇಳೆ ಮನವೊಲಿಸಬೇಕೆಂಬ ಮಾತೂ ಆ ವಿಶ್ವಪತ್ರದಲ್ಲಿದೆ, ಅದನ್ನು ಮರೆಮಾಚುವುದು ತರವಲ್ಲ.)

ತೆರೆಯ ಹೊರಗೆ ನಡೆದುದು ಇನ್ನೂ ಕಠಿಣ. 1934ರಲ್ಲಿ ವಯೊಲೆಟ್ ತನ್ನ ವರನೊಡನೆ ವಿವಾಹ ಪರವಾನಗಿ ಕೋರಿ ರಾಜ್ಯದಿಂದ ರಾಜ್ಯಕ್ಕೆ ಅಲೆದಳು. ಅಂಟಿಕೊಂಡಿರುವ ಸೋದರಿಯ ಕಾರಣ ಅದು ಅನೈತಿಕವೆಂದು ಅರ್ಜಿಗಳು ತಿರಸ್ಕೃತವಾದವು. ಎರಡು ವರ್ಷಗಳ ಬಳಿಕ ಡಲ್ಲಾಸಿನ ಪ್ರದರ್ಶನವೊಂದರಲ್ಲಿ ಟಿಕೆಟ್ಟು ಕೊಂಡ ಜನರೆದುರು ಬೇರೊಬ್ಬನೊಡನೆ ಅವಳ ಮದುವೆಯಾಯಿತು. ಪ್ರಚಾರದ ತಂತ್ರವಾಗಿದ್ದ ಅದು ಮುಂದೆ ರದ್ದಾಯಿತು. ಪ್ರಾಮಾಣಿಕ ಅರ್ಜಿ ಅಸಭ್ಯವೆನಿಸಿತು, ಸಂತೆಯ ಮದುವೆಗೆ ಅಡ್ಡಿಯಾಗಲಿಲ್ಲ.

ನಮ್ಮ ಮನೆಯ ಮಾತನ್ನೂ ಹೇಳಬೇಕು. ಯಾಜಕಕಾಂಡದ 21ನೇ ಅಧ್ಯಾಯ ಗೂನರನ್ನೂ ಕುಬ್ಜರನ್ನೂ ಬಲಿಪೀಠದಿಂದ ದೂರವಿಟ್ಟಿತು. ಪವಿತ್ರ ಆಹಾರವನ್ನು ಮಾತ್ರ ನಿರಾಕರಿಸಲಿಲ್ಲ. 1917ರ ಧರ್ಮಸಭಾ ಕಾನೂನಿನ 984ನೇ ವಿಧಿ, ಅಂಗವಿಕಾರದಿಂದಾಗಿ ಬಲಿಪೀಠದ ಸೇವೆಯನ್ನು ‘ದೆಚೆಂತೆರ್’, ಅಂದರೆ ಸಭ್ಯವಾಗಿ, ನಡೆಸಲಾರದವರಿಗೆ ಯಾಜಕದೀಕ್ಷೆಯನ್ನು ತಡೆದಿತ್ತು. ‘ಡೀಸೆನ್ಸಿ’ಯ ಮೂಲವೂ ಇದೇ ಲತೀನ್ ಧಾತು. 1983ರ ಸಂಹಿತೆ ಆ ತಡೆಯನ್ನು ಕೈಬಿಟ್ಟಿತು.

ವಯೊಲೆಟಳ ಅರ್ಜಿಯ ವೃತ್ತಾಂತವನ್ನು ಕೇಳಿದ ಬಳಿಕ ಅದೇ ವಿದ್ಯಾರ್ಥಿ ಮತ್ತೆ ಕೇಳಿದರು: “ಆಕೆ ನಮ್ಮ ಧರ್ಮಕೇಂದ್ರಕ್ಕೆ ಬಂದಿದ್ದರೆ?” ಸಂಹಿತೆಯನ್ನು ತೆರೆದೆವು. ಕಾನೂನು ತಡೆಯದ ಎಲ್ಲರೂ ವಿವಾಹವಾಗಬಹುದೆಂದು 1058ನೇ ವಿಧಿ ಹೇಳುತ್ತದೆ. ಅಡ್ಡಿಗಳ ಪಟ್ಟಿಯನ್ನು ಒಂದೊಂದಾಗಿ ಓದಿದೆವು. ಅಂಟಿಕೊಂಡ ಸೋದರಿಯನ್ನು ಅಡ್ಡಿಯೆಂದು ಹೇಳುವ ವಾಕ್ಯ ಅದರಲ್ಲಿ ಸಿಗಲಿಲ್ಲ.