ಸೂತ್ರ, ಬಾಲಂಗೋಚಿ ಮತ್ತು ಆಷಾಢದ ಗಾಳಿ

ಆಫೀಸಿನಲ್ಲಿ ರಿಲೀಸು, ಅದು ಮುಗಿದರೆ ಅದರ ಬಗ್ಗುಗಳು... :) ಅಂತೂ ಆಷಾಢದಲ್ಲಿ ನಾಲ್ಕು ದಿನ ರಜೆ ಹಾಕಿ ಚನ್ನಗಿರಿಗೆ, ಅಜ್ಜನ ಮನೆಗೆ ಹೋಗಿದ್ದೆ. ಅಕ್ಕನ ಮಗನಿಗೆಂದು ಬೆಂಗಳೂರಿನಿಂದ ಬಾಲವಿಲ್ಲದ ಪ್ಲಾಸ್ಟಿಕ್ ಗಾಳಿಪಟ ಒಯ್ದಿದ್ದೆ. ಅದು ಎರಡಾಳೆತ್ತರ ಏರಿ, ಗಿರಗಿರ ತಿರುಗಿ, ಮೂತಿ ಕೆಳಗಾಗಿ ನೆಲಕ್ಕೆ ಬೀಳುತ್ತಿತ್ತು. ಹತ್ತು ಸಲವೂ ಅದೇ ಕಥೆ. "ಮಾಮ, ನೀನು ಇಂಜಿನಿಯರ್ ಅಲ್ವಾ?" ಅಂದ. ಆ ಮಾತಿನ ಚುರುಕಿಗೇ ಈ ಬರಹ.

ಮೊದಲು ಗಾಳಿಯ ವಿಷಯ. ಗುಜರಾತಿನವರು ಸಂಕ್ರಾಂತಿಗೆ ಪತಂಗ ಹಾರಿಸುತ್ತಾರೆ. ನಮ್ಮಲ್ಲಿ ಮಾತ್ರ ಗಾಳಿಪಟ ಅಂದರೆ ಆಷಾಢ. ದೊಡ್ಡಬಳ್ಳಾಪುರದ ಗಾಳಿಪಟ ಉತ್ಸವವೂ ಆಷಾಢದ್ದೇ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಘಟ್ಟ ಹತ್ತುವಾಗ ನೀರೆಲ್ಲ ಸುರಿದು, ಬಯಲುಸೀಮೆಗೆ ಬರುವಾಗ ಬರೀ ಗಾಳಿಯಾಗಿ ಉಳಿದಿರುತ್ತದೆ. ಇದನ್ನು ನೋಡಲು ನಮ್ಮ ಜಿಲ್ಲೆಯೇ ಸಾಕು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಗ ಹೊನ್ನಾಳಿ ತಾಲೂಕಿನೊಳಗೇ ಇತ್ತು. ಅತ್ತೆಯನ್ನು ಕೊಟ್ಟ ನ್ಯಾಮತಿ ಮಲೆನಾಡಿನ ಸೆರಗು. ಆಷಾಢದಲ್ಲಿ ಅಲ್ಲಿ ಜಿಟಿಜಿಟಿ ಹಿಡಿದರೆ ಪೇಪರಿನ ಪಟ ಒದ್ದೆಯಾಗಿ ಅಂಟೇ ಬಿಟ್ಟುಕೊಳ್ಳುತ್ತಿತ್ತು. ಹೊನ್ನಾಳಿಯ ತುಂಗಭದ್ರೆ ದಂಡೆಯಲ್ಲಿ ಮಳೆ ಬಿಟ್ಟಾಗ ಹಾರಿಸಬಹುದು. ಚಿಕ್ಕಮ್ಮನ ಊರು ಜಗಳೂರಿನಲ್ಲಿ ಮಾತ್ರ ಒಣಗಾಳಿ, ಟೋಪಿ ಹಾಕಿದರೆ ಟೋಪಿಯೂ ಹಾರುತ್ತದೆ. ನ್ಯಾಮತಿಯಿಂದ ಜಗಳೂರಿಗೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರೂ ಇಲ್ಲ! ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವುದೂ ಇದೇ ಗಾಳಿ.

ಗಾಳಿಪಟ ಎರಡು ಸಾವಿರ ವರ್ಷಕ್ಕೂ ಹಿಂದೆ ಚೀನಾದಲ್ಲಿ ಹುಟ್ಟಿತು ಅನ್ನುತ್ತಾರೆ. ಅದರ ದೊಡ್ಡ ಕಥೆ ಇರುವುದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. 1893ರಲ್ಲಿ ಆಸ್ಟ್ರೇಲಿಯಾದ ಲಾರೆನ್ಸ್ ಹಾರ್ಗ್ರೇವ್ ಪೆಟ್ಟಿಗೆಯಾಕಾರದ ಗಾಳಿಪಟ ಮಾಡಿದ. ಬಾಲವೇ ಬೇಡ, ತಾನಾಗಿ ಅಲುಗಾಡದೆ ನಿಲ್ಲುತ್ತದೆ. ಮರುವರ್ಷ ನವೆಂಬರ್ 12ರಂದು ಅಂಥ ನಾಲ್ಕು ಪಟಗಳಿಗೆ ತನ್ನನ್ನೇ ಕಟ್ಟಿಕೊಂಡು ಸುಮಾರು 16 ಅಡಿ ಮೇಲೇರಿದ. ರೈಟ್ ಸಹೋದರರ ಯೋಚನೆ ಬೇರೆ: ಅಲುಗದ ಯಂತ್ರ ಬೇಡ, ಅಲುಗಿದರೂ ಕೈಯಲ್ಲಿ ಹಿಡಿಯಲು ಬರಬೇಕು. 1899ರಲ್ಲಿ ಅವರು ಮಾಡಿದ ಮೊದಲ 'ವಿಮಾನ' ಐದಡಿಯ ಒಂದು ಗಾಳಿಪಟ. ನಾಲ್ಕು ದಾರ, ಎರಡು ಕೈಯಲ್ಲಿ ಎರಡು ಕೋಲು. ಕೋಲು ಓರೆ ಮಾಡಿದರೆ ರೆಕ್ಕೆ ತಿರುಚಿಕೊಳ್ಳುತ್ತಿತ್ತು. ಮರುವರ್ಷ ಜೋರು ಗಾಳಿ ಎಲ್ಲಿದೆ ಎಂದು ಹುಡುಕಿಕೊಂಡು ಕಿಟ್ಟಿಹಾಕ್‌ಗೆ ಹೋದರು. ಅವರೂ ತಮ್ಮ ಜಗಳೂರನ್ನು ಹುಡುಕಿದರು ಅನ್ನಿ :)

ಈಗ ನಮ್ಮ ಎರಡು ಪದಗಳಿಗೆ ಬರ್ತೀನಿ. 'ಸೂತ್ರ ಹರಿದ ಗಾಳಿಪಟ' ಅನ್ನುವಾಗ ಸೂತ್ರ ಅಂದರೆ ಉದ್ದದ ದಾರ ಅಂತಲೇ ನಾನು ತಿಳಿದಿದ್ದೆ. ಅಲ್ಲ. ಪಟದ ಬೆನ್ನುಕಡ್ಡಿಯ ಮೇಲೊಂದು ಕೆಳಗೊಂದು ಕಡೆ ಕಟ್ಟಿ, ನಡುವೆ ಗಂಟು ಹಾಕುವ ಮೊಳದುದ್ದದ ದಾರ ಅದು. ಪಟ ಗಾಳಿಗೆ ಎಷ್ಟು ಓರೆಯಾಗಿ ನಿಲ್ಲಬೇಕು ಅನ್ನುವುದನ್ನು ತೀರ್ಮಾನಿಸುವುದು ಆ ಗಂಟು. ಓರೆಯಾದ ಪಟ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನ್ ಅಷ್ಟೇ. ಗಂಟು ತೀರಾ ಕೆಳಗಾದರೆ ಪಟ ಗಾಳಿಗೆ ಎದೆಯೊಡ್ಡಿ ನಿಂತು ದಾರ ಜಗ್ಗುತ್ತದೆ, ಏರುವುದಿಲ್ಲ. ತೀರಾ ಮೇಲಾದರೆ ಮಲಗಿಬಿಡುತ್ತದೆ. ಗಾಳಿ ಜೋರಿದ್ದರೆ ಚೂರು ಮೇಲೆ, ಮಂದವಿದ್ದರೆ ಚೂರು ಕೆಳಗೆ.

ಬಾಲಂಗೋಚಿ ಕೂಡ ಅಂದಕ್ಕಲ್ಲ. ತುದಿಯಲ್ಲಿ ಗಾಳಿಯನ್ನು ಹಿಡಿದೆಳೆದು ಮೂತಿಯನ್ನು ಮೇಲೆ ನಿಲ್ಲಿಸುತ್ತದೆ. ಗಿರಕಿ ಹೊಡೆದರೆ ಬಾಲ ಉದ್ದ ಮಾಡಿ, ಏಳದಿದ್ದರೆ ಕತ್ತರಿಸಿ. ಉತ್ತರದ ಕಾದಾಟದ ಪತಂಗಕ್ಕೆ ಬೇಕೆಂದೇ ಬಾಲ ಇಲ್ಲ: ಸಡಿಲ ಬಿಟ್ಟರೆ ತಿರುಗಬೇಕು, ಎಳೆದರೆ ಮೂತಿ ಇದ್ದ ಕಡೆ ನುಗ್ಗಬೇಕು. ಅದು ರೈಟ್‌ಗಳ ಜಾತಿ, ಕೈಚಳಕ ಬೇಕು. ನಾನು ತಂದದ್ದು ಅದು, ಬಿಟ್ಟದ್ದು ಆಷಾಢದ ಗಾಳಿಯಲ್ಲಿ! (ಆ ಕಾದಾಟದ ಜೊತೆ ಬಂದ ನೈಲಾನ್ ಮಾಂಜಾ ಹಕ್ಕಿಗಳ ರೆಕ್ಕೆ, ಬೈಕಿನವರ ಕುತ್ತಿಗೆ ಕೊಯ್ಯುತ್ತಿದೆ. ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ದಯವಿಟ್ಟು ಮಕ್ಕಳಿಗೆ ಹತ್ತಿ ದಾರ ಕೊಡಿ.)

ಸಂಜೆ ಅಜ್ಜ ಕೂರಿಸಿಕೊಂಡು ಮಾಡಿಸಿದರು. ಪೇಪರು, ತೆಂಗಿನ ಗರಿಯ ಕಡ್ಡಿ, ಅನ್ನದ ಅಗುಳಿನ ಅಂಟು, ಹಳೇ ಪಂಚೆಯ ಅಂಚು ಹರಿದು ಬಾಲ. ಅಜ್ಜನಿಗೆ ಎರಡೂ ಕಣ್ಣಿಗೆ ಪೊರೆ, ಅಂಗಳದಾಚೆ ಕಾಣುವುದಿಲ್ಲ. ಗಂಟನ್ನು ಬೆರಳಲ್ಲೇ ಸವರಿ "ಕೆಳಗಾಗೇತಲೋ ತಮ್ಮಾ, ಮೇಲಕ್ಕೆ ತಗೋ" ಅಂದರು. ಹುಡುಗ ಓಡಲೂ ಇಲ್ಲ, ನಿಂತಲ್ಲೇ ಬಿಟ್ಟ. ತೆಂಗಿನಮರ ದಾಟಿತು. ದಾರವನ್ನು ಮುತ್ತಜ್ಜನ ಕೈಗೆ ಕೊಟ್ಟ. ಅಜ್ಜ ಸ್ವಲ್ಪ ಹೊತ್ತು ಸುಮ್ಮನೆ ಹಿಡಿದು ನಿಂತಿದ್ದು, "ಬಾಲ ಒಂದು ಗೇಣು ಜಾಸ್ತಿ ಆತು" ಅಂದರು. ಇಳಿಸಿ, ಒಂದು ಗೇಣು ಹರಿದು, ಮತ್ತೆ ಬಿಟ್ಟೆವು.