ಮೊಟ್ಟೆಯ ಬಿಳಿಯಲ್ಲಿ ಒಂದು ಪಾಠ

ಗಾಜಿನ ಲೋಟದಲ್ಲಿ ಹಸಿ ಮೊಟ್ಟೆಯ ಬಿಳಿ ಭಾಗ ಇರುತ್ತದೆ. ಮೇಷ್ಟ್ರು ಅದರ ಮೇಲೆ ಮದ್ಯಸಾರ ಸುರಿಯುತ್ತಾರೆ. ತಿಳಿಯಾಗಿದ್ದದ್ದು ನೋಡನೋಡುತ್ತಿದ್ದಂತೆ ಬೇಯಿಸಿದ ಹಾಗೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಕುಡಿಯುವವರ ಮೈಯೊಳಗೂ ಹೀಗೇ ಆಗುತ್ತದೆ ಮಕ್ಕಳೇ, ಎಂದು ಪಾಠ ಮುಗಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಶಾಲೆಗಳಲ್ಲಿ ಮಾಡಿ ತೋರಿಸುತ್ತಿದ್ದ ಪ್ರಯೋಗ ಇದು.

ರಸಾಯನಶಾಸ್ತ್ರ ಓದಿದವನಾಗಿ ನನಗೆ ಇದರಲ್ಲಿ ಸುಳ್ಳು ಎಲ್ಲಿ ನುಸುಳಿತು ಎಂಬುದೇ ಕುತೂಹಲ. ಹೆಪ್ಪುಗಟ್ಟುವುದಂತೂ ನಿಜ. ಆದರೆ ಅದಕ್ಕೆ ಗಟ್ಟಿ ಮದ್ಯಸಾರವೇ ಬೇಕು. ಸಾಧಾರಣ ಬಿಯರಿನಲ್ಲಿರುವುದು ನೂರಕ್ಕೆ ಐದರಷ್ಟು. ರಕ್ತ ಸೇರುವ ಹೊತ್ತಿಗೆ ಅದು ಇನ್ನೂ ಎಷ್ಟೋ ಪಾಲು ತೆಳುವಾಗಿರುತ್ತದೆ. ಗಾಡಿ ಓಡಿಸುವವರಿಗೆ ನಮ್ಮ ಕಾನೂನು ಹಾಕಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಅಷ್ಟಕ್ಕೆ ಕಣ್ಣು, ಕೈ, ಬುದ್ಧಿ ತಪ್ಪಬಹುದು, ಮಿದುಳು ಮೊಟ್ಟೆಯಂತೆ ಬೇಯುವುದಿಲ್ಲ.

ಈ ಪಾಠದ ಹಿಂದಿದ್ದವರು ಮೇರಿ ಹಂಟ್. 1830ರಲ್ಲಿ ಹುಟ್ಟಿ, ಬಾಲ್ಟಿಮೋರ್ ಬಳಿಯ ಪಟಾಪ್ಸ್ಕೊ ಎಂಬಲ್ಲಿ ಓದಿ, ವಿಜ್ಞಾನ ಕಲಿಸುವ ಶಿಕ್ಷಕಿಯಾಗಿದ್ದವರು. 1874ರಲ್ಲಿ ಹುಟ್ಟಿದ ವುಮನ್ಸ್ ಕ್ರಿಶ್ಚಿಯನ್ ಟೆಂಪರೆನ್ಸ್ ಯೂನಿಯನ್‌ನಲ್ಲಿ ಶಾಲಾ ಪಾಠದ ವಿಭಾಗವನ್ನು ನಡೆಸಿದರು. ಅವರಿಗಿಂತ ಮುಂಚೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1847ರಲ್ಲಿ ಶುರುವಾದ 'ಬ್ಯಾಂಡ್ ಆಫ್ ಹೋಪ್' ಮಕ್ಕಳಿಂದ ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿಸುತ್ತಿತ್ತು. ಹಂಟ್‌ಗೆ ಪ್ರತಿಜ್ಞೆ ಸಾಲದಾಯಿತು. ಅವರಿಗೆ ಕಾನೂನು ಬೇಕಿತ್ತು. 1882ರಲ್ಲಿ ವರ್ಮಾಂಟ್ ರಾಜ್ಯ ಶಾಲೆಗಳಲ್ಲಿ ಮದ್ಯದ ಪಾಠ ಕಡ್ಡಾಯ ಮಾಡಿತು. ಇಪ್ಪತ್ತು ವರ್ಷದೊಳಗೆ ದೇಶದ ಎಲ್ಲ ರಾಜ್ಯಗಳಲ್ಲೂ ಅಂಥ ಕಾನೂನು ಬಂತು. ಆಗ ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಹೆಂಗಸರಿಗೆ ಮತವೇ ಇರಲಿಲ್ಲ ಎಂಬುದನ್ನು ನೆನೆದರೆ ಈ ಸಾಧನೆಯ ಮುಂದೆ ತಲೆ ಬಾಗಲೇಬೇಕು. ಕುಡುಕ ಗಂಡನ ಕೈಯಲ್ಲಿ ಸಂಬಳ ಕರಗುವುದನ್ನು, ಪೆಟ್ಟು ತಿಂದ ಮಕ್ಕಳನ್ನು ಕಣ್ಣಾರೆ ಕಂಡ ಹೆಂಗಸರ ಕೆಲಸ ಅದು.

ಕಾನೂನಾದ ಮೇಲೆ ಪುಸ್ತಕ ಬೇಕಲ್ಲ? ಅಲ್ಲಿ ಹಂಟ್ ಹಿಡಿತ ಬಿಗಿಯಾಯಿತು. ಚಿಕ್ಕ ತರಗತಿಯ ಶರೀರಶಾಸ್ತ್ರದ ಪುಸ್ತಕದಲ್ಲಿ ಕಾಲು ಭಾಗ ಮದ್ಯ ಮತ್ತು ಮಾದಕ ವಸ್ತುಗಳಿಗೇ ಮೀಸಲಾಗಿರಬೇಕು. ಮದ್ಯ ಸ್ವಲ್ಪವೂ ವಿಷವೇ ಎಂದು ಹೇಳಬೇಕು. ಹಾಗಿದ್ದರೆ ಮಾತ್ರ ಅವರ ಒಪ್ಪಿಗೆಯ ಮುದ್ರೆ. ಪ್ರಕಾಶಕರು ಸಾಲುಗಟ್ಟಿ ನಿಂತರು. ಗಂಟಲಲ್ಲಿ ಇಳಿದ ಮದ್ಯ ಒಳಚರ್ಮವನ್ನೇ ಸುಟ್ಟುಬಿಡುತ್ತದೆ ಎಂಬಂಥ ಮಾತುಗಳು ಎಳೆಯ ಮಕ್ಕಳ ಪಾಠವಾದವು.

ಆ ಮಕ್ಕಳಲ್ಲಿ ಎಷ್ಟೋ ಮಂದಿ ವಲಸಿಗರ ಮಕ್ಕಳು. ಮಿಲ್ವಾಕಿ, ಸಿನ್ಸಿನಾಟಿಗಳ ಜರ್ಮನ್ ಮನೆಗಳಲ್ಲಿ ಊಟದ ಮೇಜಿನ ಮೇಲೆ ಬಿಯರ್ ಇರುವುದು ನಮ್ಮಲ್ಲಿ ಮಜ್ಜಿಗೆ ಇದ್ದ ಹಾಗೆ. ಶಾಲೆಯಲ್ಲಿ ಅದು ವಿಷ, ಮನೆಯಲ್ಲಿ ಅಪ್ಪ ಅದನ್ನೇ ಕುಡಿಯುತ್ತಾನೆ. ಮಗು ಯಾರನ್ನು ನಂಬಬೇಕು? ಈ ಸಂಕಟ ನೂರು ವರ್ಷ ಹಳೆಯದೇನಲ್ಲ. ಪುಣೆಯ ನಮ್ಮ ಸೊಸೈಟಿಯ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯಲ್ಲಿ ಇಂಥದ್ದೇ ಪಾಠ ಕೇಳಿ ಬಂದು, "ಆಂಟಿ, ನಮ್ಮಪ್ಪ ಸತ್ತುಹೋಗ್ತಾರಾ?" ಎಂದು ನನ್ನ ಹೆಂಡತಿಯನ್ನು ಕೇಳಿದಳು. ಅವಳಪ್ಪ ಶನಿವಾರ ರಾತ್ರಿ ಎರಡು ಬಿಯರ್ ಕುಡಿದು ಮಲಗುವ ಮನುಷ್ಯ. ಕುಡಿದು ಹೊಡೆಯುವ ಅಪ್ಪನ ಮಗುವಿಗೂ ಆ ಪಾಠದಲ್ಲಿ ಏನೂ ಸಿಗುವುದಿಲ್ಲ. ಅದಕ್ಕೆ ಬೇಕಾದದ್ದು ಯಾರ ಹತ್ತಿರ ಹೋಗಿ ಹೇಳಬೇಕೆಂಬ ದಾರಿ.

ಪುಣೆ ಎಂದಾಗ ನೆನಪಾಯಿತು. ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1886ರಿಂದ 1888ರವರೆಗೆ ಅಮೆರಿಕದಲ್ಲಿದ್ದಾಗ ಇದೇ ಯೂನಿಯನ್ ಸೇರಿದ್ದರು. ಹೆಂಗಸರು ಒಟ್ಟಾಗಿ ಇಷ್ಟು ಮಾಡಬಲ್ಲರೇ ಎಂಬ ಬೆರಗು ಅವರಿಗಿತ್ತು. 1889ರಲ್ಲಿ ಮರಾಠಿಯಲ್ಲಿ ಆ ದೇಶದ ಬಗ್ಗೆ ಪುಸ್ತಕವನ್ನೇ ಬರೆದರು.

ಹಂಟ್‌ಗೆ ಪೆಟ್ಟು ಬಿದ್ದದ್ದು ಹೆಂಡದಂಗಡಿಯವರಿಂದಲ್ಲ, ವಿಜ್ಞಾನಿಗಳಿಂದ. ಕನೆಕ್ಟಿಕಟ್‌ನ ವಿಲ್ಬರ್ ಅಟ್‌ವಾಟರ್ ಮನುಷ್ಯನನ್ನು ದಿನಗಟ್ಟಲೆ ಒಂದು ಪುಟ್ಟ ಕೋಣೆಯಲ್ಲಿಟ್ಟು, ಮೈಯಿಂದ ಹೊಮ್ಮುವ ಶಾಖವನ್ನೂ ಉಸಿರನ್ನೂ ಅಳೆಯುವ ಯಂತ್ರ ಕಟ್ಟಿದ್ದರು. ಸ್ವಲ್ಪ ಪ್ರಮಾಣದ ಮದ್ಯಸಾರ ದೇಹದಲ್ಲಿ ಬಹುಪಾಲು ಉರಿದು ಶಕ್ತಿ ಕೊಡುತ್ತದೆ ಎಂದು 1899ರಲ್ಲಿ ಹೇಳಿದರು. ಕುಡಿಯಿರಿ ಎಂದು ಅವರು ಹೇಳಲಿಲ್ಲ. ಮಕ್ಕಳಿಗೆ ಸುಳ್ಳು ಕಲಿಸಬೇಡಿ ಎಂದರು, ಅಷ್ಟೆ. 'ಕಮಿಟಿ ಆಫ್ ಫಿಫ್ಟಿ' ಎಂಬ ವಿದ್ವಾಂಸರ ಗುಂಪು 1903ರಲ್ಲಿ ಹಂಟ್ ಮೆಚ್ಚಿದ ಪುಸ್ತಕಗಳನ್ನು ಕಟುವಾಗಿ ಟೀಕಿಸಿತು. ಮರುವರ್ಷವೇ ಹಂಟ್ ಉತ್ತರ ಕೊಟ್ಟರು. ಒಂದಿಂಚೂ ಹಿಂದೆ ಸರಿಯಲಿಲ್ಲ. 1906ರಲ್ಲಿ ಅವರು ತೀರಿಕೊಂಡ ಮೇಲೆ ಪ್ರಕಾಶಕರಿಂದ ರಾಯಧನ ಬರುತ್ತಿದ್ದ ಸಂಗತಿ ಹೊರಬಿತ್ತು. ಅದು ಬಾಸ್ಟನ್ನಿನ ಕಚೇರಿಯ ಕೆಲಸಕ್ಕೆ ಹೋಗುತ್ತಿತ್ತು ಎನ್ನುವುದು ನಿಜ. ಆದರೂ ಮುಚ್ಚಿಟ್ಟದ್ದು ಮುಚ್ಚಿಟ್ಟದ್ದೇ.

ಅವರ ಪಾಠ ಓದಿ ಬೆಳೆದವರು ಮತದಾರರಾಗಿದ್ದ ಕಾಲಕ್ಕೆ, 1920ರಲ್ಲಿ, ಅಮೆರಿಕದಲ್ಲಿ ಪಾನನಿಷೇಧ ಬಂತು. 1933ರಲ್ಲಿ ಹೋಯಿತು. ಬರಲು ಶಾಲೆಯೇ ಕಾರಣವೆನ್ನುವವರು ಹೋದದ್ದಕ್ಕೆ ಏನು ಹೇಳುತ್ತಾರೋ.

ಆಮೇಲಿನದು ಹೆಚ್ಚುಕಡಿಮೆ ಅದೇ ಕಥೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸಮವಸ್ತ್ರದ ಪೊಲೀಸರೇ ತರಗತಿಗೆ ಬಂದು ಮಾದಕ ವಸ್ತುಗಳ ಬಗ್ಗೆ ಪಾಠ ಮಾಡುವ 'ಡೇರ್' ಕಾರ್ಯಕ್ರಮ ಶುರುವಾಗಿ ದೇಶವೆಲ್ಲ ಹಬ್ಬಿತು. ಟೀಶರ್ಟು, ಪ್ರಮಾಣಪತ್ರ, ಹೆತ್ತವರ ಚಪ್ಪಾಳೆ ಎಲ್ಲ ಇತ್ತು. ಪಾಠ ಕೇಳಿದ ಮಕ್ಕಳನ್ನು ಹತ್ತು ವರ್ಷದ ನಂತರ ಹುಡುಕಿ ನೋಡಿದಾಗ ಕೇಳದ ಮಕ್ಕಳಿಗೂ ಅವರಿಗೂ ವ್ಯತ್ಯಾಸ ಕಾಣಲಿಲ್ಲ. ಆ ಅಧ್ಯಯನ 1999ರಲ್ಲಿ ಪ್ರಕಟವಾಯಿತು.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಪ್ರಯತ್ನ. 1969ರಲ್ಲಿ ಕಾನ್ಸಾಸ್‌ನ ಸಂಶೋಧಕರು ನಾಲ್ಕನೇ ತರಗತಿಯ ಗಲಾಟೆ ಅಡಗಿಸಿದ ಒಂದು ಆಟದ ಬಗ್ಗೆ ಬರೆದರು. ಮಕ್ಕಳನ್ನು ಎರಡು ತಂಡ ಮಾಡುವುದು. ಅನುಮತಿಯಿಲ್ಲದೆ ಎದ್ದರೆ, ಮಾತಾಡಿದರೆ ಆ ತಂಡದ ಹೆಸರಿನ ಕೆಳಗೆ ಬೋರ್ಡಿನ ಮೇಲೆ ಒಂದು ಗೀಟು. ಗೀಟು ಕಡಿಮೆ ಇದ್ದ ತಂಡಕ್ಕೆ ನಕ್ಷತ್ರ, ಊಟಕ್ಕೆ ಮೊದಲ ಸಾಲು. ಎರಡೂ ತಂಡ ಮಿತಿಯೊಳಗಿದ್ದರೆ ಎರಡೂ ಗೆದ್ದಂತೆ. 1985ರಲ್ಲಿ ಬಾಲ್ಟಿಮೋರ್ ನಗರದ ಒಂದನೇ ತರಗತಿಗಳಲ್ಲಿ ಇದನ್ನು ಆಡಿಸಿದರು. ಆ ಮಕ್ಕಳು ಹತ್ತೊಂಬತ್ತು ಇಪ್ಪತ್ತು ದಾಟುವಾಗ ಮತ್ತೆ ವಿಚಾರಿಸಿದರು. ಚಿಕ್ಕಂದಿನಲ್ಲಿ ತುಂಬಾ ಜಗಳಗಂಟರಾಗಿದ್ದ ಹುಡುಗರಲ್ಲಿ, ಆಟ ಆಡಿದವರು ಆಡದವರಿಗಿಂತ ಕಡಿಮೆ ಸಂಖ್ಯೆಯಲ್ಲಿ ಮಾದಕ ವಸ್ತುಗಳ ಚಟಕ್ಕೆ ಬಿದ್ದಿದ್ದರು. ಆಟದಲ್ಲಿ ಮದ್ಯದ ಹೆಸರಿಲ್ಲ, ಗಾಂಜಾದ ಹೆಸರಿಲ್ಲ. ಕೈ ಎತ್ತಿ ಕಾಯುವುದು, ಪಕ್ಕದವನಿಗಾಗಿ ಸುಮ್ಮನೆ ಕೂರುವುದು, ಇಷ್ಟೇ ಇತ್ತು.